ಮಂಗಳವಾರದ ತನಕ ಸಮಯವಿದೆ

ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ನಿಂತಿದ್ದೆ. ಕಾರ್ತಿಕ ಸೋಮವಾರ. ಸಂಜೆಗೆ ದೀಪ ಬೆಳಗಬೇಕು. ಮಾರನೆಯ ದಿನ ಮಂಗಳವಾರ, ಅವತ್ತು ನಮ್ಮಲ್ಲಿ ದೀಪ ತೊಳೆಯುವ ಪದ್ಧತಿ ಇಲ್ಲ. ಹಾಗಾಗಿ ಏನಿದ್ದರೂ ಅವತ್ತೇ ಮುಗಿಯಬೇಕಿತ್ತು. ಹಿಂದಿನ ದಿನವೇ ತೊಳೆದಿಟ್ಟುಕೊಳ್ಳಬಹುದಿತ್ತು ಅನ್ನಿ; ಆದರೆ ಶನಿವಾರ ಬೆಳಗ್ಗೆಯೇ ನಾವು ಮೂವರೂ ವೆಲ್ಡ್‌ಹೋವನ್ ಎಂಬ ಊರಿಗೆ ಹೋಗಿದ್ದೆವು. ಯಜಮಾನರ ಸ್ನೇಹಿತರು ಹೊಸ ಮನೆ ಮಾಡಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಭಾನುವಾರ ಮನೆ ಸೇರುವಾಗ ಮಗಳು ಕಾರಿನಲ್ಲೇ ನಿದ್ದೆ ಹೋಗಿದ್ದಳು. ಪಕ್ಕದ ಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಸರಿ, ಅವರು ಎದ್ದಿದ್ದಾರೆ ಎಂದುಕೊಂಡು ನಾನು ಒಳಗೆ ಬಂದೆ.

ಫೋನ್ ಬಡಿದುಕೊಂಡಾಗ ಎರಡೂ ಕೈ ಹುಳಿಯಾಗಿತ್ತು. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಬ್ಯೂರ್‌ಫ್ರೌ, ನನ್ನ ಮನೆಯ ಬೀಗದಕೈ ನಿನ್ನ ಹತ್ತಿರ ಇದೆ ತಾನೆ?"

ಬ್ಯೂರ್‌ಫ್ರೌ ಎಂದರೆ ಇಲ್ಲಿನ ಡಚ್ಚು ಮಾತಿನಲ್ಲಿ ಪಕ್ಕದ ಮನೆಯಾಕೆ. ಅವರು ನನ್ನನ್ನು ಹಾಗೆ ಕರೆಯುತ್ತಾರೆ, ನಾನೂ ಅವರನ್ನು ಹಾಗೇ ಕರೆಯುತ್ತೇನೆ. ಬೈಟನ್‌ವೆಲ್ಡರ್ಟ್ ಬಡಾವಣೆಯ ಈ ಕಟ್ಟಡದಲ್ಲಿ ನಮ್ಮ ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಎಂಬತ್ತು ದಾಟಿದ ಯಹೂದಿ ಹೆಂಗಸು. ಗಂಡ ತೀರಿಕೊಂಡಿದ್ದಾರೆ, ಮಗ ದೂರದ ದೇಶದಲ್ಲಿದ್ದಾನೆ. ನಮ್ಮ ಮಗಳಿಗೆ ಅವರು ಓಮಾ, ಅಂದರೆ ಅಜ್ಜಿ. ನಮ್ಮಿಬ್ಬರ ಮಾತು ಅರ್ಧ ಡಚ್ಚು, ಅರ್ಧ ಇಂಗ್ಲಿಷು, ಉಳಿದದ್ದು ಕೈಸನ್ನೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಇದೆ, ಇದೆ. ಯಾಕೆ ಧ್ವನಿ ಹೀಗಿದೆ? ಮಲಗಿದ್ದೀರಾ?"

"ಮಲಗದೆ ಇನ್ನೇನು. ಆಸ್ಪತ್ರೆಯಲ್ಲಿದ್ದೀನಿ. ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಜಾರಿಬಿಟ್ಟೆ. ಸೊಂಟದ ಮೂಳೆ."

ನನ್ನ ಕೈಲಿದ್ದ ದೀಪ ಸಿಂಕಿಗೆ ಬಿತ್ತು. ನಾವು ವೆಲ್ಡ್‌ಹೋವನ್‌ನಲ್ಲಿ ಕೇಸರಿಬಾತು ತಿನ್ನುತ್ತಿದ್ದ ಹೊತ್ತು ಅದು. ಮೇಲಿನ ಮನೆಯವರಿಗೆ ಸದ್ದು ಕೇಳಿಸಿ ಆಂಬುಲೆನ್ಸ್ ಕರೆಸಿದರಂತೆ. ಪುಣ್ಯಕ್ಕೆ ಅವರಾದರೂ ಮನೆಯಲ್ಲಿದ್ದರು. ಹಾಗಾದರೆ ಭಾನುವಾರ ನಾನು ನೋಡಿದ ದೀಪ? ಅದು ಟೈಮರಿನದು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಅವರು ಸ್ವಿಚ್ ಮುಟ್ಟುವುದಿಲ್ಲ. ಆ ದೀಪ ತಾನೇ ಹತ್ತಿ ತಾನೇ ಆರುತ್ತದೆ. ಆರಿಸಿಡುವವರಿಲ್ಲದೆ ಭಾನುವಾರವೂ ಹತ್ತಿಕೊಂಡಿತ್ತು.

"ಆಪರೇಷನ್ ಬುಧವಾರ ಅಂದಿದ್ದರು," ಎಂದರು. "ಮಗ ನಾಳೆ ಸಂಜೆ ಬಂದಿಳಿಯುತ್ತಾನೆ. ಈಗ ನೋಡಿದರೆ ನಾಳೆ ಬೆಳಗ್ಗೆ ಯಾವುದೋ ಜಾಗ ಖಾಲಿಯಾಗಿದೆಯಂತೆ, ಮೊದಲು ನನ್ನನ್ನೇ ಒಳಗೆ ಒಯ್ಯುತ್ತಾರಂತೆ. ಒಳ್ಳೆಯದೇ. ಆದರೆ ಬ್ಯೂರ್‌ಫ್ರೌ, ನಾನು ಇನ್ನೂ ಅವಳನ್ನು ಕಳಿಸಿಕೊಟ್ಟಿಲ್ಲ."

ಬೇರೆ ಯಾರಿಗಾದರೂ ಈ ಮಾತು ಅರ್ಥವಾಗುತ್ತಿರಲಿಲ್ಲ. ನನಗೆ ಆಯಿತು.

ಅವರ ಪಾಲಿಗೆ ಶಬ್ಬಾತ್ ಎನ್ನುವುದು ಬರೀ ರಜೆಯ ದಿನವಲ್ಲ. ಶುಕ್ರವಾರ ಸಂಜೆ ಮದುವಣಗಿತ್ತಿಯ ಹಾಗೆ ಬರುವವಳು, ಶನಿವಾರ ನಕ್ಷತ್ರ ಕಂಡಾಗ ಹೊರಡುವವಳು. ಬರುವಾಗ ಮನೆಯ ಪ್ರತಿಯೊಬ್ಬರಿಗೂ ಇನ್ನೊಂದು ಜೀವ ತಂದುಕೊಡುತ್ತಾಳಂತೆ, ಹೋಗುವಾಗ ಅದನ್ನು ವಾಪಸು ಒಯ್ಯುತ್ತಾಳಂತೆ. ಹೊರಡುವ ಹೊತ್ತಿಗೆ ಒಂದು ಬೆಳ್ಳಿ ಬಟ್ಟಲಿನ ತುಂಬ ದ್ರಾಕ್ಷಾರಸ, ಜಡೆ ಹೆಣೆದ ಹಾಗಿನ ಮೇಣದ ಬತ್ತಿ, ಪುಟ್ಟ ಪೆಟ್ಟಿಗೆಯಲ್ಲಿ ಲವಂಗ. ಆ ಜೀವ ಹೋದಮೇಲೆ ಮನಸ್ಸು ಕುಂದಬಾರದಲ್ಲ, ಅದಕ್ಕೆ ಲವಂಗದ ವಾಸನೆ ನೋಡುವುದು. ಇದಕ್ಕೆ ಹವ್ದಾಲಾ ಎನ್ನುತ್ತಾರೆ. ಅವರು ಮೊದಲ ಸಲ ಇದನ್ನೆಲ್ಲ ವಿವರಿಸಿದಾಗ ನಾನು ಅಂದಿದ್ದೆ: "ಇಷ್ಟೇ ತಾನೆ? ನಾವೂ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ, ಎಲೆಅಡಿಕೆ ಕೊಡದೆ ಬಾಗಿಲು ದಾಟಿಸುವುದಿಲ್ಲ." ಅವರು ನನ್ನ ಕೈ ಹಿಡಿದುಕೊಂಡು, "ಹಾಗಾದರೆ ನಿನಗೆ ನಾನು ಇನ್ನೇನೂ ಹೇಳಿಕೊಡಬೇಕಿಲ್ಲ," ಎಂದಿದ್ದರು. ಹೇಳಿಕೊಡುವುದು ಬೇಕಾದಷ್ಟಿತ್ತು, ಅದು ಬೇರೆ ಮಾತು.

"ಶನಿವಾರ ರಾತ್ರಿ ಸೂಜಿಮದ್ದು ಕೊಟ್ಟು ಮಲಗಿಸಿಬಿಟ್ಟರು," ಎಂದರು. "ಎದ್ದಾಗ ಭಾನುವಾರ. ನಮ್ಮ ಪ್ರಾರ್ಥನಾಮಂದಿರದಿಂದ ಒಬ್ಬಾಕೆ ಬಂದಿದ್ದಳು, ಮಂಗಳವಾರ ಮಧ್ಯಾಹ್ನ ಬಟ್ಟಲು ತರ್ತೀನಿ ಅಂದಳು. ನಾನೂ ಹೂಂ ಅಂದೆ. ಮಂಗಳವಾರ ಸೂರ್ಯ ಮುಳುಗುವ ತನಕ ಸಮಯ ಇರುತ್ತದಲ್ಲ. ಈಗ ನಾಳೆ ಬೆಳಗ್ಗೆ ಅರಿವಳಿಕೆ ಕೊಟ್ಟರೆ... ಈ ವಯಸ್ಸಿನಲ್ಲಿ ಎಲ್ಲರೂ ಏಳುವುದಿಲ್ಲ, ಬ್ಯೂರ್‌ಫ್ರೌ. ಅದಕ್ಕೆ ಅಳುತ್ತಿಲ್ಲ. ಆದರೆ ಮನೆಗೆ ಬಂದವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ನಾನು ಹೊರಟುಹೋಗುವುದು ಚೆನ್ನಾಗಿರುವುದಿಲ್ಲ."

"ಅಲ್ಲಿ ಆಸ್ಪತ್ರೆಯಲ್ಲೇ ಒಂದು ಲೋಟ ಜ್ಯೂಸ್ ಕೇಳಿದರೆ?"

"ಆಗುತ್ತೆ. ಶಾಸ್ತ್ರಕ್ಕೆ ಆಗುತ್ತೆ. ಆದರೆ ಪ್ಲಾಸ್ಟಿಕ್ ಲೋಟ ಎತ್ತಿ ಅವಳನ್ನು ಕಳಿಸಿದರೆ ನನ್ನ ಗಂಡ ಮೇಲಿನಿಂದ ನೋಡಿ ಏನಂದಾನು?"

"ಬರ್ತೀನಿ," ಎಂದೆ. ಕೈ ತೊಳೆದುಕೊಂಡೆ. ದೀಪಗಳು ಹುಣಸೆಹಣ್ಣು ಮೆತ್ತಿಕೊಂಡು ಸಿಂಕಿನಲ್ಲೇ ಉಳಿದವು.

ಮೊದಲು ಆಫೀಸಿಗೆ ಫೋನ್ ಮಾಡಿ ಯಜಮಾನರಿಗೆ ಹೇಳಿದೆ.

"ಅಯ್ಯೋ ಪಾಪ. ಹೋಗು, ಹೋಗು. ಆದ್ರೆ ಇವತ್ತು ದೀಪ?" ಎಂದರು. "ಅಮ್ಮ ಸಂಜೆ ವಿಡಿಯೋ ಕಾಲ್ ಮಾಡ್ತಾರೆ, ದೀಪ ತೋರ್ಸು ಅಂತಾರೆ."

"ನೀವು ಬೇಗ ಬಂದು ಫೋನ್ ಎತ್ತಿ. ಏನಿದೆಯೋ ಅದನ್ನ ತೋರ್ಸಿ."

"ಸಿಂಕ್ ತೋರಿಸ್ಲಾ?"

"ತೋರಿಸ್ರಿ. ನಿಮ್ಮಮ್ಮನಿಗೆ ಸಿಂಕ್ ಏನು ಹೊಸದಾ?"

ಬೀಗದಕೈ ನಮ್ಮ ಸಾಸಿವೆ ಡಬ್ಬಿಯ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಅವರ ಮನೆಯ ಬಾಗಿಲು ತೆಗೆದಾಗ ಶನಿವಾರ ಇನ್ನೂ ಅಲ್ಲೇ ಕೂತಿತ್ತು. ಮೇಜಿನ ಮೇಲೆ ಬಿಳಿ ಹಾಸು, ಅದರ ಮೇಲೆ ಅರ್ಧ ಕತ್ತರಿಸಿದ ಬ್ರೆಡ್ಡು, ಒಂದು ತಟ್ಟೆ, ಒಂದು ಗ್ಲಾಸು. ಅದರ ಪಕ್ಕ ದ್ರಾಕ್ಷಾರಸ ಚೆಲ್ಲಿ ಒಣಗಿದ ಕಲೆ. ಕಿಟಕಿಯ ಬಳಿಯ ದೀಪ ಹಗಲಾದ್ದರಿಂದ ತಾನೇ ಆರಿತ್ತು. ಅದರ ಟೈಮರನ್ನು ಕಿತ್ತಿಟ್ಟೆ. ಬ್ರೆಡ್ಡನ್ನು ಚೀಲಕ್ಕೆ ಹಾಕಿ ಕಟ್ಟಿದೆ. ಹಾಸನ್ನು ತೆಗೆಯಲು ಮಾತ್ರ ಕೈ ಬರಲಿಲ್ಲ. ಅವಳು ಇನ್ನೂ ಹೋಗಿಲ್ಲವಲ್ಲ, ಕೂತವಳ ಮುಂದಿನಿಂದ ಎಲೆ ಎತ್ತಬಾರದು.

ಅದೇ ಮೇಜಿನ ಹತ್ತಿರ ಕೂತು ನಾನು ಕಾಲದ ಪಾಠ ಕೇಳಿದ್ದು. ಅವರ ಗಂಡನನ್ನು ನಾನು ನೋಡಿಲ್ಲ. ನಾವು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಕನ್ನಡಕದ ಅಂಗಡಿ ಇಟ್ಟಿದ್ದರಂತೆ. ಹಗಲೆಲ್ಲ ಊರವರ ಕಣ್ಣು ನೋಡುವುದು, ಸಂಜೆ ಕೂತು ತಮ್ಮವರ ಹಳೆಯ ರಹಸ್ಯವಿದ್ಯೆಯ ಗ್ರಂಥಗಳನ್ನು ನೋಡುವುದು. ಓದಿದ್ದನ್ನು ಹೆಂಡತಿಗೆ ಅಡುಗೆಮನೆಯ ಸಾಮಾನು ಇಟ್ಟುಕೊಂಡು ವಿವರಿಸುತ್ತಿದ್ದರಂತೆ. ಇವರು ನನಗೂ ಹಾಗೇ ವಿವರಿಸಿದರು.

ಒಂದು ದಿನ ಏಳು ಚಮಚ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ವಾರ ಅಂದರೆ ಹೀಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಒಂದಾದ ಮೇಲೆ ಒಂದು, ಕೊನೆಯಲ್ಲಿ ಶಬ್ಬಾತ್. ಮುಗಿಯಿತು." ಆಮೇಲೆ ಕೊನೆಯ ಚಮಚ ಎತ್ತಿ ನಡುವೆ ಇಟ್ಟರು, ಎರಡು ಪಕ್ಕಕ್ಕೆ ಮೂರು ಮೂರು. "ನನ್ನ ಗಂಡ ಹೇಳುತ್ತಿದ್ದದ್ದು ಹೀಗೆ. ಅವಳು ಕೊನೆಯಲ್ಲಿಲ್ಲ, ನಡುವೆ ಇದ್ದಾಳೆ. ಬುಧವಾರ, ಗುರುವಾರ, ಶುಕ್ರವಾರ ಅವಳು ಬರುವ ದಾರಿ ನೋಡುತ್ತವೆ. ಭಾನುವಾರ, ಸೋಮವಾರ, ಮಂಗಳವಾರ ಅವಳ ಸೆರಗು ಹಿಡಿದುಕೊಂಡಿರುತ್ತವೆ. ಆರಕ್ಕೂ ಊಟ ಅವಳಿಂದಲೇ."

"ಮದುವೆ ಫೋಟೋದ ಹಾಗೆ," ಎಂದೆ ನಾನು. "ನಡುವೆ ಹೆಣ್ಣು, ಆ ಕಡೆ ಈ ಕಡೆ ನೆಂಟರು."

"ಇನ್ನೊಂದು ವಿಷಯ. ಪ್ರತಿ ವಾರ ಬೇರೆ ಬೇರೆ ಶಬ್ಬಾತ್ ಬರುವುದಿಲ್ಲ. ಇರುವವಳು ಒಬ್ಬಳೇ. ಹೋದವಳೇ ಬರುತ್ತಾಳೆ. ಹಬ್ಬಗಳೂ ಹಾಗೇ. ಹಿಂದೆಂದೋ ಆದದ್ದನ್ನು ನೆನೆಸಿಕೊಳ್ಳುವುದಲ್ಲ ಅದು. ಆ ದಿನ ಅಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ನಾವೇ ನಡೆದು ಅಲ್ಲಿಗೆ ಹೋಗುತ್ತೇವೆ."

ಇದು ನನಗೆ ಇಷ್ಟವಾಯಿತು. ಗೌರಿ ಹಬ್ಬದ ದಿನ ಬಾಗಿನ ಮುಚ್ಚುವಾಗ, ಇದೇ ಈಗ, ಹೋದ ವರ್ಷದ್ದೂ ಇದೇ, ನಮ್ಮಮ್ಮ ಮುಚ್ಚುತ್ತಿದ್ದದ್ದೂ ಇದೇ ಅಂತ ನನಗೆ ಅನ್ನಿಸುವುದುಂಟು. ಯಾರಿಗೂ ಹೇಳಿರಲಿಲ್ಲ, ನಗುತ್ತಾರೆಂದು. ಆಮೇಲೆ ಅವರು ಇನ್ನೂ ಮುಂದಕ್ಕೆ ಹೋದರು. ಕಾಲವೂ ದೇವರು ಮಾಡಿದ ವಸ್ತುವೇ, ಲೋಕದ ಜೊತೆಗೇ ಆದದ್ದು, ಅದಕ್ಕೆ ಮುಂಚೆ 'ಮುಂಚೆ' ಎನ್ನುವುದೇ ಇರಲಿಲ್ಲ ಎಂದರು. ನನಗೆ ತಲೆ ಸುತ್ತಿತು.

"ಬ್ಯೂರ್‌ಫ್ರೌ, ಇದು ಬೇಡ. ಚಮಚದ್ದೇ ಹೇಳಿ."

"ನಾನೂ ನನ್ನ ಗಂಡನಿಗೆ ಅದನ್ನೇ ಹೇಳುತ್ತಿದ್ದೆ," ಎಂದು ನಕ್ಕರು.

ಮಂಗಳವಾರದ ವಿಷಯ ಗೊತ್ತಾಗಿದ್ದು ಇನ್ನೊಂದು ಸಲ, ನಾನು ಅಳುತ್ತಿದ್ದಾಗ. ಅತ್ತೆಯವರು ಮೈಸೂರಿನಿಂದ ಕಳಿಸಿದ ಪಂಚಾಂಗ ನೋಡಿ ವೈಕುಂಠ ಏಕಾದಶಿ ಉಪವಾಸ ಇದ್ದೆ. ನೀರು ಕೂಡ ಅಳೆದು ಕುಡಿದಿದ್ದೆ. ಸಂಜೆ ಇಲ್ಲಿನ ಕನ್ನಡದವರೊಬ್ಬರು, "ರೀ, ನಮಗೆ ಇಲ್ಲಿ ನಿನ್ನೆನೇ ಆಯ್ತಲ್ರೀ, ಸೂರ್ಯೋದಯ ಬೇರೆ ಅಲ್ವಾ," ಎಂದುಬಿಟ್ಟರು. ಏಕಾದಶಿಯಲ್ಲಿ ಹೊಟ್ಟೆತುಂಬ ಬಿಸಿಬೇಳೆಬಾತು ತಿಂದು, ದ್ವಾದಶಿಯಲ್ಲಿ ಉಪವಾಸ ಕೂತಿದ್ದೆ! ಲಿಫ್ಟಿನ ಹತ್ತಿರ ನನ್ನ ಮುಖ ನೋಡಿ ಯಾರೋ ಸತ್ತರು ಅಂದುಕೊಂಡರು ಬ್ಯೂರ್‌ಫ್ರೌ. ವಿಷಯ ಕೇಳಿ ಒಳಗೆ ಕರೆದು ಕೂರಿಸಿದರು.

"ನಮ್ಮಲ್ಲಿ ಶನಿವಾರ ರಾತ್ರಿ ಹವ್ದಾಲಾ ತಪ್ಪಿದರೆ ಮಂಗಳವಾರ ಸೂರ್ಯ ಮುಳುಗುವ ತನಕ ಮಾಡಬಹುದು," ಎಂದರು. "ಅಲ್ಲಿಯ ತನಕ ಅವಳ ಸೆರಗು ವಾರದ ಕೈಯಲ್ಲಿ ಇರುತ್ತದೆ. ಬುಧವಾರ ಆದರೆ ಇಲ್ಲ, ಆಗ ಎಲ್ಲರೂ ಆ ಕಡೆ ತಿರುಗಿ ಮುಂದಿನವಳ ದಾರಿ ನೋಡುತ್ತಿರುತ್ತಾರೆ. ನಿನ್ನ ದೇವರು ನಮ್ಮವನಿಗಿಂತ ಗಟ್ಟಿ ಮೇಷ್ಟ್ರೇ?"

"ಅಲ್ಲ," ಎಂದೆ. ಹೇಗೆ ಹೌದು ಎನ್ನಲಿ? ನಾರಾಯಣನ ಮರ್ಯಾದೆಯ ಪ್ರಶ್ನೆ.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅಂದಿನಿಂದ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಮಂಗಳವಾರದ ತನಕ ಸಮಯವಿದೆ ಎಂದು. ಈಗ ಅದನ್ನು ನನಗೆ ಕೊಟ್ಟವರಿಗೇ ಸಮಯ ಸಾಲದಾಗಿತ್ತು.

ಬಟ್ಟಲು ಗಾಜಿನ ಬೀರುವಿನಲ್ಲಿತ್ತು. ಅಂಚಿನಲ್ಲಿ ಒಂದು ನೆಗ್ಗು. ಮಗ ಕೂಸಾಗಿದ್ದಾಗ ಕಚ್ಚಿ ಎಸೆದದ್ದಂತೆ. ಬೆಳ್ಳಿ ಕಪ್ಪಾಗಿತ್ತು. ಮನೆಗೆ ತಂದು ಹೊಸ ಸ್ಪಂಜು ಬಿಚ್ಚಿ, ಅಂಟುವಾಳದ ನೀರಿನಲ್ಲಿ ಉಜ್ಜಿದೆ. ನಮ್ಮ ಪಾತ್ರೆಯ ಸ್ಪಂಜು ಅದಕ್ಕೆ ತಾಗಿಸಬಾರದು, ಅಷ್ಟು ನನಗೆ ಗೊತ್ತು. ನಮ್ಮಜ್ಜಿಯ ಮಡಿ ಕಂಡು ಬೆಳೆದವಳಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ದ್ರಾಕ್ಷಾರಸದ್ದು ಹೊಸ ಬಾಟಲಿಯನ್ನೇ ತೆಗೆದುಕೊಂಡೆ, ಮುಚ್ಚಳ ಮುಟ್ಟಲಿಲ್ಲ. ಅವರ ಬೀರುವಿನಿಂದ ಜಡೆಬತ್ತಿಯನ್ನೂ ತೆಗೆದುಕೊಂಡೆ. ಲವಂಗದ ಪೆಟ್ಟಿಗೆಯಲ್ಲಿದ್ದ ಹಳೆಯ ಲವಂಗ ಒಣಗಿ ಕಡ್ಡಿಯಾಗಿತ್ತು. ನಮ್ಮ ಮನೆಯ ಹೊಸ ಲವಂಗ ತುಂಬಿಸಿ, ಇರಲಿ ಅಂತ ಎರಡು ಏಲಕ್ಕಿಯನ್ನೂ ಹಾಕಿದೆ. ಒಂದು ತೃಪ್ತಿಯಾಯಿತು, ಯಾವುದನ್ನೂ ಮರೆತಿಲ್ಲ ಎಂದು.

ಶಾಲೆ ಬಿಟ್ಟ ಮಗಳನ್ನು ಕರೆದುಕೊಂಡು ಬಸ್ಸಿಗೆ ಓಡಿದೆ. ಬಸ್ಸು ಹೊರಟಿತ್ತು, ಡ್ರೈವರು ನಮ್ಮನ್ನು ಕನ್ನಡಿಯಲ್ಲಿ ಕಂಡು ನಿಲ್ಲಿಸಿದ. ಈ ಊರಿನಲ್ಲಿ ಅದು ದೇವರೇ ಬ್ರೇಕು ಒತ್ತಿದ ಹಾಗೆ.

"ಅಮ್ಮ, ಇಸ್ ಓಮಾ ಗೋಯಿಂಗ್ ಟು ಡೈ?" ಮಗಳು ಕೇಳಿದಳು.

"ಬಿಡ್ತು ಅನ್ನು. ಸೊಂಟ ರಿಪೇರಿ ಮಾಡ್ತಾರೆ, ಅಷ್ಟೇ."

"ಮತ್ತೆ ವೈ ಆರ್ ಯೂ ಹೋಲ್ಡಿಂಗ್ ದ ಬ್ಯಾಗ್ ಲೈಕ್ ದಟ್?"

ನೋಡಿಕೊಂಡೆ. ಚೀಲವನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಕೂತಿದ್ದೆ.

ಆಸ್ಪತ್ರೆ ತಲುಪಿದಾಗ ಹೊರಗೆ ಆಗಲೇ ಮಬ್ಬು. ಇಲ್ಲಿನ ಕಾರ್ತಿಕದಲ್ಲಿ ಸಂಜೆಯ ಕಾಫಿಗೆ ಮೊದಲೇ ಕತ್ತಲು. ಬ್ಯೂರ್‌ಫ್ರೌ ದಿಂಬಿಗೆ ಒರಗಿದ್ದರು. ಪ್ರತಿದಿನ ಒಪ್ಪವಾಗಿ ಬಾಚುವ ಕೂದಲು ಹರಡಿತ್ತು, ಮೈ ಕುಗ್ಗಿ ಚಿಕ್ಕವರಾಗಿ ಕಂಡರು. ನಮ್ಮನ್ನು ಕಂಡದ್ದೇ ಮಗಳ ಕಡೆ ಕೈ ಚಾಚಿದರು. "ಬಾ, ಬಾ. ಕಾಲು ಮಾತ್ರ ಮುಟ್ಟಬೇಡ, ಅದು ಇವತ್ತು ನನ್ನ ಮಾತು ಕೇಳುವುದಿಲ್ಲ."

ಚೀಲದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ಬಟ್ಟಲನ್ನು ಕೈಗೆತ್ತಿಕೊಂಡರು.

"ಇದು ಯಾರದ್ದು?"

"ನಿಮ್ಮದೇ. ತೊಳೆದೆ."

"ನನ್ನ ಗಂಡನ ಬಟ್ಟಲು ನನಗಿಂತ ಚಿಕ್ಕ ವಯಸ್ಸಿನದಾಗಿಬಿಟ್ಟಿದೆಯಲ್ಲ!" ಎಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನೆಗ್ಗು ಸಿಕ್ಕಿದ ಮೇಲೆ ನಂಬಿಕೆ ಬಂತು. ಅದರ ಮೇಲೆ ಬೆರಳಿಟ್ಟುಕೊಂಡೇ ಕೂತರು.

ನಾನು ಮೇಣದ ಬತ್ತಿ ತೆಗೆಯುವುದಕ್ಕೂ ಎತ್ತರದ ನರ್ಸಮ್ಮ ಒಬ್ಬಳು ಒಳಗೆ ಬರುವುದಕ್ಕೂ ಸರಿಹೋಯಿತು. "ಹೋ ಹೋ ಹೋ, ಮೇಡಂ! ಅದನ್ನು ಇಲ್ಲಿ ಹಚ್ಚುವ ಹಾಗಿಲ್ಲ. ಗೋಡೆಯಲ್ಲಿ ಆಕ್ಸಿಜನ್ ಇದೆ."

"ಸ್ವಲ್ಪವೇ, ಒಂದು ಕ್ಷಣ..." ಎಂದು ನಾನು ಗೋಗರೆಯತೊಡಗಿದೆ. ಹಾಸಿಗೆಯಿಂದ ನಗು ಕೇಳಿಸಿತು. ನೋವಿಗೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದರು.

"ಅವಳು ಹೇಳದಿದ್ದರೂ ಹಚ್ಚುವ ಹಾಗಿಲ್ಲ, ಬ್ಯೂರ್‌ಫ್ರೌ. ಬೆಂಕಿ, ಲವಂಗ ಎರಡೂ ಶನಿವಾರ ರಾತ್ರಿಗೆ ಮಾತ್ರ. ಮನುಷ್ಯ ಮೊದಲು ಬೆಂಕಿ ಕಂಡದ್ದು ಆ ರಾತ್ರಿಯಂತೆ, ಆ ಹೊತ್ತು ಕಳೆದರೆ ಅದಕ್ಕೆ ಮಂತ್ರವಿಲ್ಲ. ತಡವಾಗಿ ಕಳಿಸುವವರಿಗೆ ಬಟ್ಟಲೊಂದೇ. ಇಷ್ಟೆಲ್ಲ ಹೊತ್ತು ತಂದೆಯಾ?"

ನನಗೆ ಪೆಚ್ಚಾಯಿತು. ನಮ್ಮ ಕಡೆ ಪೂಜೆಗೆ ಒಂದು ಸಾಮಾನು ಕಡಿಮೆಯಾದರೆ ಗೊಣಗುತ್ತಾರೆ. ಹೆಚ್ಚಾದರೆ ಅಡ್ಡಿ ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

"ಕುಡಿಯುವುದಕ್ಕೆ ಪರವಾಗಿಲ್ಲವಾ?" ಎಂದು ನರ್ಸಮ್ಮನನ್ನು ಕೇಳಿದೆ.

"ಈಗ ಪರವಾಗಿಲ್ಲ. ರಾತ್ರಿಯ ಮೇಲೆ ಏನೂ ಇಲ್ಲ."

ದ್ರಾಕ್ಷಾರಸಕ್ಕೂ ಅವರಲ್ಲಿ ಮಡಿಯಿದೆ, ಬಾಟಲಿಯ ಮುಚ್ಚಳ ಅವರೇ ತೆಗೆಯಬೇಕಿತ್ತು. ಬೆರಳಿಗೆ ಶಕ್ತಿ ಸಾಲದು. ನಾನು ತೆಗೆಯಲೇ ಎನ್ನಲಿಲ್ಲ, ಅವರೂ ಕೇಳಲಿಲ್ಲ. ನರ್ಸಮ್ಮ ಕೈ ಚಾಚಿದಾಗ ನಾನೇ ಕಣ್ಣಿನಲ್ಲಿ ಬೇಡವೆಂದೆ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಬಟ್ಟೆ ಸುತ್ತಿ, ತಿರುಗಿಸಿ, ವಿಶ್ರಮಿಸಿ, ಮತ್ತೆ ತಿರುಗಿಸಿ, ಕೊನೆಗೆ ಟಪ್ ಎಂದಿತು. ಮಗಳು ಚಪ್ಪಾಳೆ ತಟ್ಟಿದಳು.

"ತಟ್ಟೆ ಬೇಕು," ಎಂದರು. "ಉಕ್ಕಿ ಚೆಲ್ಲುವ ಹಾಗೆ ತುಂಬಬೇಕು. ವಾರವೆಲ್ಲ ತುಂಬಿರಲಿ ಅಂತ."

ಹಾಲು ಉಕ್ಕಿಸುವ ಹಾಗೆ! ನಾನು ಸುತ್ತ ನೋಡಿದೆ, ತಟ್ಟೆಯಿಲ್ಲ. ನರ್ಸಮ್ಮ ತಂದುಕೊಟ್ಟದ್ದು ವಾಂತಿ ಬಂದರೆ ಹಿಡಿಯುವ ರಟ್ಟಿನ ಬಟ್ಟಲು. ಹೊಸದು, ಸ್ವಚ್ಛವಾದದ್ದು, ಆದರೂ ಅದೇ. ಬ್ಯೂರ್‌ಫ್ರೌ ಒಂದು ಕ್ಷಣ ಅದನ್ನು ನೋಡಿ, "ಅವಳು ಇದಕ್ಕಿಂತ ಕೆಟ್ಟದ್ದನ್ನು ನೋಡಿದ್ದಾಳೆ," ಎಂದರು. ಮಗಳು ಅದನ್ನು ಎರಡು ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದು ನಿಂತಳು. ರಸ ಬಟ್ಟಲಿನ ನೆಗ್ಗಿನ ಮೇಲಿಂದ ಉಕ್ಕಿ ಅದರೊಳಕ್ಕೆ ಇಳಿಯಿತು.

ಅವರು ತಮ್ಮ ಭಾಷೆಯಲ್ಲಿ ಹೇಳಿದ್ದು ನಾಲ್ಕೈದು ಸಾಲು ಇರಬಹುದು. ನನಗೆ ಪದಗಳು ತಿಳಿಯಲಿಲ್ಲ. ಪವಿತ್ರವಾದದ್ದನ್ನೂ ನಿತ್ಯದ್ದನ್ನೂ, ಬೆಳಕನ್ನೂ ಕತ್ತಲನ್ನೂ ಬೇರೆ ಬೇರೆ ಇಟ್ಟವನಿಗೆ ನಮಸ್ಕಾರ ಅಂತ ಅದರ ಅರ್ಥ ಎಂದು ಮೊದಲೇ ಹೇಳಿದ್ದರು. ನಾನು ಮನಸ್ಸಿನಲ್ಲಿ ನನಗೆ ಗೊತ್ತಿರುವ ಹೆಸರನ್ನು ಹೇಳಿಕೊಂಡೆ. ನರ್ಸಮ್ಮ ಹೋಗದೆ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು.

ಕುಡಿಯುವ ಮುಂಚೆ ಮಗಳ ಕಡೆ ತಿರುಗಿದರು. "ನಮ್ಮವರಲ್ಲಿ ಒಂದು ಹಳೆಯ ಮಾತಿದೆ. ಹೆಂಗಸರು ಈ ಬಟ್ಟಲಿನಲ್ಲಿ ಕುಡಿದರೆ ಗಡ್ಡ ಬರುತ್ತದಂತೆ. ಗಂಡ ಹೋದಮೇಲೆ ವಾರವಾರ ನಾನೇ ಕುಡಿಯುತ್ತಿದ್ದೀನಿ. ನೋಡು, ಬಂದಿದೆಯಾ?"

ಮಗಳು ಹತ್ತಿರ ಬಗ್ಗಿ ಗಲ್ಲ ಪರೀಕ್ಷೆ ಮಾಡಿದಳು. "ಎನ್ ಬೇಚೆ, ಓಮಾ." ಸ್ವಲ್ಪ ಇದೆ!

ನರ್ಸಮ್ಮ ಹೊರಗೆ ಓಡಿದಳು, ನಗು ತಡೆಯಲಾರದೆ. ಬ್ಯೂರ್‌ಫ್ರೌ ನಿಧಾನವಾಗಿ ಬಟ್ಟಲು ಖಾಲಿ ಮಾಡಿದರು. ಆಮೇಲೆ ಬಾಗಿಲ ಕಡೆ ನೋಡುತ್ತಾ ಕೂತರು. ಅಲ್ಲಿ ಯಾರೂ ಇರಲಿಲ್ಲ, ಕಾರಿಡಾರಿನ ಬಿಳಿ ಬೆಳಕಷ್ಟೇ. ಬೆರಳು ಮಾತ್ರ ಹೊದಿಕೆಯ ಮೇಲೆ ಒಂದಿಷ್ಟು ಎದ್ದವು, ರೈಲು ಹೊರಟಾಗ ಕೈಬೀಸುವವರ ಹಾಗೆ.

"ಹೋದಳು," ಎಂದರು. "ಇಷ್ಟು ಉದ್ದದ ಶಬ್ಬಾತ್ ನನ್ನ ಜನ್ಮದಲ್ಲಿ ಇರಲಿಲ್ಲ. ಮುರಿದ ಸೊಂಟದ ಜೊತೆ ಅವಳೂ ಮೂರು ದಿನ ಮಲಗಿದ್ದಳು, ಪಾಪ."

ಆಮೇಲೆ ತಾವೇ ಲವಂಗದ ಪೆಟ್ಟಿಗೆಗೆ ಕೈ ಚಾಚಿದರು. "ಮಂತ್ರವಿಲ್ಲ ಅಂದೆನೇ ಹೊರತು ಮೂಗಿಲ್ಲ ಅನ್ನಲಿಲ್ಲ." ಮೂಸಿ ನೋಡಿ ಹುಬ್ಬೇರಿಸಿದರು. "ಇದೇನು ಇನ್ನೊಂದು?"

"ಏಲಕ್ಕಿ."

"ಪಲಾವ್ ಸ್ಮೆಲ್!" ಎಂದಳು ಮಗಳು.

ಕಿಟಕಿಯಾಚೆ ಪೂರ್ತಿ ಕತ್ತಲಾಗಿತ್ತು. ನನ್ನ ಕಣ್ಣು ಗಡಿಯಾರದ ಕಡೆ ಹೋದದ್ದನ್ನು ಕಂಡರು. "ಏನು ಬಿಟ್ಟು ಬಂದಿದ್ದೀಯ?"

"ಏನಿಲ್ಲ. ದೀಪ ಅರ್ಧ ತೊಳೆದಿದ್ದೆ. ಇವತ್ತು ಹಚ್ಚಬೇಕಿತ್ತು. ನಾಳೆ ಮಂಗಳವಾರ, ತೊಳೆಯುವ ಹಾಗಿಲ್ಲ."

"ನಾಳೆ ಯಾಕೆ? ನನ್ನ ಲೆಕ್ಕದಲ್ಲಿ ಈಗಾಗಲೇ ಮಂಗಳವಾರ. ಸೂರ್ಯ ಹೋದನಲ್ಲ."

"ಅಯ್ಯೋ, ಹಾಗನ್ನಬೇಡಿ."

"ನಿನ್ನ ಲೆಕ್ಕದಲ್ಲಿ?"

"ನಾಳೆ ಸೂರ್ಯ ಹುಟ್ಟುವ ತನಕ ಸೋಮವಾರವೇ."

"ಮತ್ತೇನು? ಈ ಒಂದು ಕೋಣೆಯಲ್ಲಿ ಎರಡು ದಿನ ಇವೆ. ನನ್ನ ಮಂಗಳವಾರದಲ್ಲಿ ನಾನು ಮಲಗುತ್ತೇನೆ. ನಿನ್ನ ಸೋಮವಾರಕ್ಕೆ ನೀನು ಹೋಗಿ ದೀಪ ತೊಳಿ."

ಹೊರಡುವಾಗ ಅವರ ಕೂದಲನ್ನು ಕೈಯಿಂದಲೇ ಬಾಚಿ ಹಿಂದಕ್ಕೆ ಸರಿಸಿದೆ. ಅವರು ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ, ಹಾಸಿಗೆಯಿಂದ ಏಳುವ ಮುಂಚೆ, ಜೀವ ವಾಪಸು ಕೊಟ್ಟದ್ದಕ್ಕೆ ದೇವರಿಗೆ ಧನ್ಯವಾದ ಹೇಳುತ್ತಾರೆ. ನಾನು ಎದ್ದ ಕೂಡಲೇ ಅಂಗೈ ನೋಡಿಕೊಳ್ಳುತ್ತೇನೆ. ಪ್ರತಿ ಬೆಳಗ್ಗೆ ಲೋಕವನ್ನು ಹೊಸದಾಗಿ ಕೈಗೆ ಕೊಡುತ್ತಾರೆ, ಹಳೆಯದನ್ನೇ ಅಂತ ನಾವು ತಪ್ಪು ತಿಳಿಯುತ್ತೇವೆ ಎಂದು ಅವರ ಗಂಡ ಹೇಳುತ್ತಿದ್ದರಂತೆ. ಅದು ನೆನಪಾಗಿ, "ನಾಳೆ ಎಚ್ಚರವಾದಾಗ ಮೊದಲು ಧನ್ಯವಾದ ಹೇಳಿ," ಎಂದೆ. "ಆಮೇಲೆ ಕಾಫಿ ಕೇಳಿ."

"ನನಗೇ ಹೇಳಿಕೊಡುತ್ತೀಯಾ?" ಎಂದು ಗದರಿಸಿದರು. ಕೈ ಮಾತ್ರ ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಮನೆಗೆ ಬಂದಾಗ ಯಜಮಾನರು ಅನ್ನ ಮಾಡಿಟ್ಟು, ಸಿಂಕಿನ ಮುಂದೆ ಪಹರೆ ನಿಂತವರ ಹಾಗೆ ನಿಂತಿದ್ದರು.

"ಅತ್ತೆ ಏನಂದ್ರು?"

"ಸಿಂಕ್ ತೋರಿಸ್ದೆ. ಪಕ್ಕದ ಮನೆ ಅಜ್ಜಿಗೆ ಹೀಗಾಗಿದೆ, ಹೋಗಿದಾಳೆ ಅಂದೆ. 'ಬರಿಗೈಲಿ ಹೋದ್ಲಾ? ಸಾರನ್ನ ತಗೊಂಡು ಹೋಗಿಲ್ವಾ?' ಅಂತ ನನಗೆ ಬೈದ್ರು."

"ನಮ್ಮ ಪಾತ್ರೆಯ ಅಡುಗೆ ಅವರು ತಿನ್ನಲ್ಲ ಅಂತ ಹೇಳ್ಬೇಕಿತ್ತು."

"ಹೇಳ್ದೆ. 'ಹಾಗಿದ್ರೆ ನನ್ನ ಅತ್ತೆ ಥರಾನೇ, ಸರಿ, ಹಣ್ಣು ಕೊಡ್ರೋ' ಅಂದ್ರು."

ಹುಣಸೆಹಣ್ಣು ಒಣಗಿ ಹಿತ್ತಾಳೆಗೆ ಅಂಟಿಕೊಂಡಿತ್ತು, ಅಲ್ಲಲ್ಲಿ ಕೆಂಪು ಮಚ್ಚೆ. ಬಿಸಿನೀರು ಬಿಟ್ಟು ಮೊದಲಿಂದ ಉಜ್ಜಿದೆ. ಕತ್ತಲಾದ ಮೇಲೆ ದೀಪ ತೊಳೆದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ತೊಳೆದು, ಒರೆಸಿ, ಎಣ್ಣೆ ಹಾಕಿ, ನನ್ನ ಸೋಮವಾರ ಇನ್ನೂ ಇರುವಾಗಲೇ ಹಚ್ಚಿದೆ. ಈಶ್ವರ ಏನೂ ಅನ್ನಲಿಲ್ಲ. ಬತ್ತಿ ಎಂದಿನ ಹಾಗೇ ಹತ್ತಿಕೊಂಡಿತು.

ಮಾರನೆಯ ದಿನ ಬೆಳಗ್ಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಫೋನನ್ನು ಅಡುಗೆಮನೆಗೂ ಬಚ್ಚಲಿಗೂ ಹೊತ್ತುಕೊಂಡು ತಿರುಗಿದೆ. ಮಧ್ಯಾಹ್ನದ ಹೊತ್ತಿಗೆ ಸಂದೇಶ ಬಂತು, ಎಲ್ಲ ತಪ್ಪು ಅಕ್ಷರಗಳಲ್ಲಿ, ಕನ್ನಡಕ ಹಾಕಿಕೊಳ್ಳದೆ ಬರೆದದ್ದೆಂದು ಗೊತ್ತಾಗುವ ಹಾಗೆ: "ಎದ್ದೆ. ಮೊದಲು ಧನ್ಯವಾದ ಹೇಳಿದೆ. ಆಮೇಲೆ ಕಾಫಿ ಕೇಳಿದೆ. ಇನ್ನೂ ಕೊಟ್ಟಿಲ್ಲ."

ದೇವರ ಮುಂದೆ ನಿಂತು ಕೈಮುಗಿದೆ. ಕಣ್ಣೊರೆಸಿಕೊಂಡು, ಸಾಸಿವೆ ಡಬ್ಬಿಯ ಹಿಂದಿನಿಂದ ಬೀಗದಕೈ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಮಾರನೆಯ ದಿನ ಬುಧವಾರ, ಎಲ್ಲರೂ ಆ ಕಡೆ ತಿರುಗುವ ದಿನ. ಮೇಜಿನ ಮೇಲಿನ ತಟ್ಟೆ, ಗ್ಲಾಸು ಎತ್ತಿ ಅವರ ಸಿಂಕಿನಲ್ಲಿ ಅವರದೇ ಸ್ಪಂಜಿನಿಂದ ತೊಳೆದಿಟ್ಟೆ. ಬಿಳಿ ಹಾಸನ್ನು ನಾಲ್ಕು ಮೂಲೆ ಹಿಡಿದು ಮಡಚಿ, ಬ್ರೆಡ್ಡಿನ ಪುಡಿಯನ್ನು ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಕೊಡವಿ, ದ್ರಾಕ್ಷಾರಸದ ಕಲೆಗೆ ಉಪ್ಪು ಹಚ್ಚಿ ತಣ್ಣೀರಿನಲ್ಲಿ ನೆನೆಹಾಕಿದೆ.